ಕಪ್ಪು ಕಾಡಿನ ಕೆಂಪು ಕುದುರೆಗಳು

‘ಬ್ಲ್ಯಾಕ್ ಫಾರೆಸ್ಟ್’ ಅಂದರೆ ನಮ್ಮ ಮಕ್ಕಳಿಗೆ ನೆನಪಾಗುವುದು ಬೇಕರಿಯ ಗಾಜಿನ ಕಪಾಟಿನಲ್ಲಿ ಕೂತ ಕೇಕು. ಸುತ್ತಲೂ ಚಾಕೊಲೆಟ್ ಚೂರು, ತಲೆಯ ಮೇಲೊಂದು ಕೆಂಪು ಚೆರ್ರಿ. ಆದರೆ ಆ ಹೆಸರಿನ ನಿಜವಾದ ಕಾಡೊಂದು ಜರ್ಮನಿಯ ನೈರುತ್ಯ ಮೂಲೆಯಲ್ಲಿದೆ. ಉದ್ದ ಸುಮಾರು 160 ಕಿಲೋಮೀಟರ್. ಜರ್ಮನ್ ಭಾಷೆಯಲ್ಲಿ ‘ಶ್ವಾರ್ಟ್ಸ್‌ವಾಲ್ಡ್’, ಅಂದರೆ ಕಪ್ಪು ಕಾಡು. ಸೂಜಿಯಂಥ ಎಲೆಗಳ ಸ್ಪ್ರೂಸ್ ಮತ್ತು ಫರ್ ಮರಗಳು ಒತ್ತೊತ್ತಾಗಿ ಬೆಳೆದಿರುವುದರಿಂದ ದೂರದಿಂದ ನೋಡಿದರೆ ಬೆಟ್ಟಕ್ಕೆ ಕರಿ ಕಂಬಳಿ ಹೊದಿಸಿದಂತೆ ಕಾಣುತ್ತದೆ. ಇಲ್ಲಿನ ಅತಿ ಎತ್ತರದ ಶಿಖರ ಫೆಲ್ಡ್‌ಬರ್ಗ್, 1,493 ಮೀಟರ್. ನಮ್ಮ ಕೊಡಗಿನ ತಡಿಯಂಡಮೋಳ್ ಇದಕ್ಕಿಂತ ಸುಮಾರು 250 ಮೀಟರ್ ಎತ್ತರ.

ಈ ಕಾಡಿಗೆ ಬರುವ ಪ್ರವಾಸಿಗರು ಕುಕ್ಕೂ ಎಂದು ಕೂಗುವ ಗಡಿಯಾರ ಕೊಳ್ಳುತ್ತಾರೆ, ಜಲಪಾತ ನೋಡುತ್ತಾರೆ, ಕೇಕು ತಿನ್ನುತ್ತಾರೆ. ನನಗೆ ನೋಡಬೇಕಿದ್ದುದು ಬೇರೆ. ಇಲ್ಲಿ ಇವತ್ತಿಗೂ ಕಾಡಿನೊಳಗಿಂದ ಮರದ ದಿಮ್ಮಿ ಎಳೆದು ತರುವ ಕುದುರೆಗಳಿವೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ನಾನು ಹುಟ್ಟಿ ಬೆಳೆದದ್ದು ಕಾವೇರಿ ದಂಡೆಯಲ್ಲಿ, ದುಬಾರೆಯ ಆನೆ ಶಿಬಿರಕ್ಕೆ ಹತ್ತಿರದ ಊರಿನಲ್ಲಿ. ಅಪ್ಪ ನಾಟಾ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಆನೆ ದಿಮ್ಮಿ ಎಳೆಯುವುದನ್ನು ನೋಡಿ ಬೆಳೆದವಳಿಗೆ ಕುದುರೆ ಎಳೆಯುವುದನ್ನೂ ನೋಡುವ ಆಸೆ ಬಾರದೆ ಇರುತ್ತದೆಯೇ?

ಮಗಳು, ಅಳಿಯ ಇರುವುದು ಸ್ಟುಟ್‌ಗಾರ್ಟ್‌ನಲ್ಲಿ. ಜೂನ್ ತಿಂಗಳಲ್ಲಿ ಅಲ್ಲಿನ ಶಾಲೆಗಳಿಗೆ ರಜೆ ಸಿಕ್ಕಿದಾಗ ನಾಲ್ಕು ಜನ ಹೊರಟೆವು. ನಾಲ್ಕನೆಯವಳು ಒಂಬತ್ತು ವರ್ಷದ ನನ್ನ ಮೊಮ್ಮಗಳು. ಜರ್ಮನ್ ಶಾಲೆಯಲ್ಲಿ ಓದುವ ಅವಳೇ ಈ ಪ್ರಯಾಣದಲ್ಲಿ ನನ್ನ ದುಭಾಷಿ.

ಸ್ವರ್ಗಕ್ಕೆ ಒಂದು ಸ್ಟೇಷನ್ ಮೊದಲು

ಫ್ರೈಬುರ್ಗ್ ಈ ಕಾಡಿನ ಹೆಬ್ಬಾಗಿಲು. ಅಲ್ಲಿಂದ ಪೂರ್ವಕ್ಕೆ ಹೊರಡುವ ಚಿಕ್ಕ ರೈಲು ಬೆಟ್ಟ ಹತ್ತುವ ಮೊದಲು ಕಿರ್ಖ್‌ಜಾರ್ಟನ್ ಎಂಬ ಊರಿನಲ್ಲಿ ನಿಲ್ಲುತ್ತದೆ. ಮುಂದಿನ ಸ್ಟೇಷನ್ನಿನ ಹೆಸರು ‘ಹಿಮ್ಮೆಲ್‌ರೈಖ್’, ಅಂದರೆ ಸ್ವರ್ಗಲೋಕ! ಅದನ್ನು ದಾಟಿದರೆ ಎರಡು ಬದಿಯ ಬಂಡೆಗಳು ಒತ್ತಿಕೊಂಡು ಬರುವ ಇಕ್ಕಟ್ಟಿನ ಕಣಿವೆ. ಅದರ ಹೆಸರು ‘ಹೆಲೆನ್‌ಟಾಲ್’, ನರಕದ ಕಣಿವೆ. “ಅಜ್ಜಿ, ಇಲ್ಲಿ ಸ್ವರ್ಗ ದಾಟಿದ ಮೇಲೆ ನರಕ” ಎಂದು ಮೊಮ್ಮಗಳು ನಕ್ಕಳು. ನಾವು ಎರಡಕ್ಕೂ ಹೋಗದೆ ಕಿರ್ಖ್‌ಜಾರ್ಟನ್‌ನಲ್ಲೇ ಇಳಿದು ಬಸ್ಸು ಹತ್ತಿದೆವು.

ಬಸ್ಸು ಸುತ್ತಿ ಸುತ್ತಿ ಮೇಲೇರಿತು. ಇಳಿಜಾರಿನ ಹುಲ್ಲುಗಾವಲುಗಳಲ್ಲಿ ಹುಲ್ಲು ಕೊಯ್ದು ಒಣಹಾಕಿದ್ದರು. ಕಿಟಕಿಯಿಂದ ಬಂದ ಆ ವಾಸನೆ ನಮ್ಮೂರಿನ ಸುಗ್ಗಿಯ ಕಣವನ್ನು ನೆನಪಿಸಿತು. ನಾವು ಸೇರಿದ ಊರು ಸಾಂಕ್ಟ್ ಮೆರ್ಗೆನ್. ಸುಮಾರು 900 ಮೀಟರ್ ಎತ್ತರದಲ್ಲಿದೆ. 12ನೇ ಶತಮಾನದಲ್ಲಿ ಇಲ್ಲೊಂದು ಮಠ ಹುಟ್ಟಿತು. ಅದರ ಜೋಡಿ ಗೋಪುರದ ಚರ್ಚು ಹಲವು ಮೈಲಿ ದೂರಕ್ಕೂ ಕಾಣುತ್ತದೆ.

ಇಲ್ಲಿನ ಹಳೆಯ ರೈತರ ಮನೆಗಳನ್ನು ನೋಡಬೇಕು. ಮಲೆನಾಡಿನ ಮನೆಗಳಂತೆಯೇ ಮಾಡು ನೆಲದ ಹತ್ತಿರಕ್ಕೆ ಇಳಿದಿರುತ್ತದೆ. ನಮ್ಮಲ್ಲಿ ಮಳೆಗಾಗಿ, ಇಲ್ಲಿ ಹಿಮಕ್ಕಾಗಿ. ಒಂದೇ ಮಾಡಿನಡಿ ಮನುಷ್ಯರು, ದನಗಳು, ಕುದುರೆಗಳು. ಮೇಲೆ ಅಟ್ಟದ ತುಂಬ ಹುಲ್ಲು. ಚಳಿಗಾಲದಲ್ಲಿ ಆ ಹುಲ್ಲೇ ಮನೆಗೆ ಕಂಬಳಿ. ಗುಡ್ಡಕ್ಕೆ ಒರಗಿಸಿ ಕಟ್ಟಿರುವುದರಿಂದ ಹುಲ್ಲಿನ ಗಾಡಿಯನ್ನು ಮನೆಯ ಹಿಂದಿನಿಂದ ನೇರ ಅಟ್ಟಕ್ಕೇ ಹೊಡೆದುಕೊಂಡು ಹೋಗುತ್ತಾರೆ. ಅಂಥದೊಂದು ಮನೆಯಲ್ಲಿ ನಮಗೆ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯೊಡತಿಯ ಪಕ್ಕದ ಮನೆಯವರೇ ನಾವು ಹುಡುಕಿ ಬಂದ ಕುದುರೆಯವರು.

ನರಿ ಬಣ್ಣದ ತಣ್ಣನೆಯ ಕುದುರೆ

ಸಂಜೆ ಅವರ ಲಾಯಕ್ಕೆ ಹೋದೆವು. ಅಲ್ಲಿದ್ದ ಹೆಣ್ಣು ಕುದುರೆಯ ಹೆಸರು ಲೀಸಲ್. ವಯಸ್ಸು 14. ಮೈ ಕಂದುಗೆಂಪು, ಹುರಿದ ಕಾಫಿ ಬೀಜಕ್ಕೆ ಸ್ವಲ್ಪ ಬೆಲ್ಲ ಬೆರೆಸಿದ ಬಣ್ಣ. ಕುತ್ತಿಗೆಯ ಕೂದಲು ಮತ್ತು ಬಾಲ ಮಾತ್ರ ಬೆಳ್ಳಗೆ ಬೆಳ್ಳಿಯಂತೆ. ಈ ತಳಿಯನ್ನು ಜನ ‘ಶ್ವಾರ್ಟ್ಸ್‌ವೆಲ್ಡರ್ ಫುಕ್ಸ್’ ಎನ್ನುತ್ತಾರೆ. ಫುಕ್ಸ್ ಎಂದರೆ ನರಿ. ಕೆಂಪು ಮೈಯ ಕುದುರೆಗೆ ಅಲ್ಲಿನವರು ಕೊಟ್ಟಿರುವ ಹೆಸರು ಅದು.

ಇದರ ಇನ್ನೊಂದು ಹೆಸರಿನಲ್ಲಿ ‘ತಣ್ಣನೆಯ ರಕ್ತ’ ಎಂಬ ಮಾತಿದೆ. ಮಕ್ಕಳೇ, ಇದನ್ನು ಕೇಳಿ ಹಾವು, ಕಪ್ಪೆಗಳ ಹಾಗೆ ಎಂದುಕೊಳ್ಳಬೇಡಿ. ಎಲ್ಲ ಕುದುರೆಗಳ ರಕ್ತವೂ ಬಿಸಿಯೇ. ಸಿಟ್ಟಿಲ್ಲದ, ಗಾಬರಿಯಾಗದ, ನಿಧಾನವಾಗಿ ಭಾರ ಎಳೆಯುವ ದಪ್ಪ ಕುದುರೆಗಳನ್ನು ಜರ್ಮನಿಯಲ್ಲಿ ‘ತಣ್ಣನೆಯವು’ ಎನ್ನುತ್ತಾರೆ. ರೇಸಿಗೆ ಓಡುವವು ಬಿಸಿ ರಕ್ತದವು. ನಮ್ಮಲ್ಲಿ ತಾಳ್ಮೆಯವರನ್ನು ‘ತಣ್ಣನೆಯ ಮನುಷ್ಯ’ ಎನ್ನುವುದಿಲ್ಲವೇ, ಹಾಗೆ.

ಭಾರದ ಕುದುರೆಗಳ ಪೈಕಿ ಇದು ಚಿಕ್ಕದು. ಹೆಗಲಿನ ಎತ್ತರ 148ರಿಂದ 160 ಸೆಂಟಿಮೀಟರ್. ತೂಕ 600 ಕಿಲೋ ಆಸುಪಾಸು. ಚಿಕ್ಕದಾಗಿರುವುದೇ ಕಾಡಿನಲ್ಲಿ ಅನುಕೂಲ. ಎರಡು ಮರಗಳ ನಡುವೆ ನುಸುಳುತ್ತದೆ, ನಿಂತಲ್ಲೇ ತಿರುಗುತ್ತದೆ.

ಈ ತಳಿಗೆ 19ನೇ ಶತಮಾನದ ಕೊನೆಯಲ್ಲಿ ಇದೇ ಊರಿನಲ್ಲಿ ಸಾಕಣೆದಾರರ ಸಂಘ ಕಟ್ಟಿದರು. ಆಗ ಹೊಲ ಉಳುವುದಕ್ಕೂ ಗಾಡಿಗೂ ಕಾಡಿಗೂ ಇದೇ ಕುದುರೆ. ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ಬಂತು. ನಮ್ಮಲ್ಲಿ ಎತ್ತಿಗೆ ಆದದ್ದೇ ಅಲ್ಲಿ ಕುದುರೆಗೆ ಆಯಿತು. 1980ರ ದಶಕ ಶುರುವಾಗುವ ಹೊತ್ತಿಗೆ ಮರಿ ಹಾಕಲು ದಾಖಲಾಗಿದ್ದ ಹೆಣ್ಣು ಕುದುರೆಗಳು ಉಳಿದದ್ದು ಸುಮಾರು 160 ಮಾತ್ರ. ಇಡೀ ಲೋಕದಲ್ಲಿ ಅಷ್ಟೇ. ಆಮೇಲೆ ಸರ್ಕಾರ ಎಚ್ಚೆತ್ತುಕೊಂಡು ಸಾಕುವವರಿಗೆ ನೆರವು ಕೊಟ್ಟಿತು. ಮಾರ್ಬಾಖ್ ಎಂಬಲ್ಲಿ 500 ವರ್ಷ ಹಳೆಯ ಸರ್ಕಾರಿ ಕುದುರೆ ಸಾಕಣೆ ಕೇಂದ್ರವಿದೆ. ಅಲ್ಲಿ ಒಳ್ಳೆಯ ಗಂಡು ಕುದುರೆಗಳನ್ನು ಕಾಪಾಡಿದರು. ಈಗ ಸಂಖ್ಯೆ ಹಲವು ಪಟ್ಟು ಹೆಚ್ಚಿದೆ. ಆದರೂ ಇದು ಅಳಿವಿನ ಅಂಚಿನ ತಳಿಗಳ ಪಟ್ಟಿಯಿಂದ ಆಚೆ ಬಂದಿಲ್ಲ.

“ನಾಳೆ ಆರು ಗಂಟೆಗೆ ಬನ್ನಿ. ಬಿಸಿಲೇರಿದರೆ ನೊಣದ ಕಾಟ” ಎಂದರು ಕುದುರೆಯವರು. ಅರವತ್ತು ದಾಟಿದ ಮನುಷ್ಯ. ಮಾತು ಕಡಿಮೆ.

ಪುಸ್ತಕ ಅಚ್ಚು ಹಾಕುವ ಹುಳು

ಬೆಳಿಗ್ಗೆ ಕಾಡಿನ ಅಂಚಿಗೆ ಹೋದಾಗ ಮಂಜು ಇನ್ನೂ ಎದ್ದಿರಲಿಲ್ಲ. ಹಿಂದಿನ ವಾರವೆಲ್ಲ ಮಳೆ ಸುರಿದು ನೆಲ ತೊಯ್ದಿತ್ತು. ಅಲ್ಲಲ್ಲಿ ಸ್ಪ್ರೂಸ್ ಮರಗಳ ಮೇಲೆ ಬಣ್ಣದ ಗುರುತು ಹಾಕಿದ್ದರು. ಕೆಲವನ್ನು ಆಗಲೇ ಕಡಿದು, ಕೊಂಬೆ ಸವರಿ, ತುಂಡು ಮಾಡಿ ಮಲಗಿಸಿದ್ದರು. ಹಸಿರಾಗಿ ನಿಂತ ಮರವನ್ನು ಏಕೆ ಕಡಿಯುತ್ತಾರೆ ಎಂದು ಮೊಮ್ಮಗಳು ಕೇಳಿದಳು.

ಕುದುರೆಯವರು ಮಾತನಾಡದೆ ಒಂದು ದಿಮ್ಮಿಯ ತೊಗಟೆಯನ್ನು ಚಾಕುವಿನಿಂದ ಎಬ್ಬಿಸಿ ತೋರಿಸಿದರು. ಒಳಗೆ ಸಾಲು ಸಾಲಾಗಿ ಗೀರುಗಳು. ನಡುವೆ ಒಂದು ಉದ್ದ ಗೆರೆ, ಅದರ ಎರಡೂ ಬದಿಗೆ ಸಣ್ಣ ಗೆರೆಗಳು. ಯಾರೋ ಕೂತು ಹಳೆಯ ಲಿಪಿಯಲ್ಲಿ ಬರೆದ ಹಾಗಿತ್ತು. ಅದನ್ನು ಬರೆದದ್ದು ಅಕ್ಕಿ ಕಾಳಿಗಿಂತ ದೊಡ್ಡದೇನಲ್ಲದ ಒಂದು ಕಂದು ದುಂಬಿ. ಜರ್ಮನರು ಇದಕ್ಕೆ ಇಟ್ಟ ಹೆಸರು ‘ಪುಸ್ತಕ ಅಚ್ಚು ಹಾಕುವವನು’. ಹೆಣ್ಣು ದುಂಬಿ ನಡುವಿನ ಗೆರೆ ಕೊರೆದು ಮೊಟ್ಟೆ ಇಡುತ್ತದೆ. ಮರಿಗಳು ಪಕ್ಕದ ಗೆರೆಗಳನ್ನು ಕೊರೆಯುತ್ತಾ ಬೆಳೆಯುತ್ತವೆ. ಮರಕ್ಕೆ ಆಹಾರ ಸಾಗುವ ದಾರಿಯೇ ತೊಗಟೆಯ ಕೆಳಗೆ. ಅದು ಕತ್ತರಿಸಿಹೋದರೆ ಮರ ಸಾಯುತ್ತದೆ.

ಗಟ್ಟಿಮುಟ್ಟಾದ ಮರ ಅಂಟು ಸುರಿಸಿ ದುಂಬಿಯನ್ನು ಮುಳುಗಿಸಿಬಿಡುತ್ತದೆ. ಬಾಯಾರಿದ ಮರಕ್ಕೆ ಆ ಶಕ್ತಿ ಇರುವುದಿಲ್ಲ. 2018ರಿಂದ ಮಧ್ಯ ಯುರೋಪಿನಲ್ಲಿ ಒಂದಾದ ಮೇಲೊಂದು ಬರಗಾಲದ ಬೇಸಿಗೆ ಬಂದು, ಲಕ್ಷ ಲಕ್ಷ ಸ್ಪ್ರೂಸ್ ಮರಗಳು ಈ ಪುಟ್ಟ ಹುಳುವಿಗೆ ಬಲಿಯಾದವು. ಬೆಚ್ಚಗಿನ ಕಾಲದಲ್ಲಿ ಮೊಟ್ಟೆ ದುಂಬಿಯಾಗಿ ಹಾರಲು ಎರಡು ತಿಂಗಳೂ ಬೇಡ. ಅದು ಹಾರುವ ಮೊದಲೇ ಹುಳು ಬಿದ್ದ ಮರವನ್ನು ಕಡಿದು ಕಾಡಿನಿಂದ ದೂರ ಸಾಗಿಸಬೇಕು. ಇಲ್ಲದಿದ್ದರೆ ಪಕ್ಕದ ಮರಗಳೂ ಹೋದವು.

ಅಂದರೆ ಮಕ್ಕಳೇ, ಅವತ್ತಿನ ಕೆಲಸ ಹುಳುವಿನ ಜೊತೆ ಪಂದ್ಯ. ನೆಲ ಇಷ್ಟು ಒದ್ದೆಯಿದ್ದಾಗ ಭಾರದ ಯಂತ್ರ ಒಳಗೆ ಬಂದರೆ ಕೆಸರು ಕಲಸಿಬಿಡುತ್ತದೆ. ನೆಲ ಒಣಗಲಿ ಎಂದು ಕಾದರೆ ದುಂಬಿ ಹಾರುತ್ತದೆ. ಕಾಯದೆ ಕೆಲಸ ಮಾಡಬಲ್ಲವಳು ಲೀಸಲ್ ಒಬ್ಬಳೇ.

ನೊಗವಲ್ಲ, ಕೊರಳಪಟ್ಟಿ

ಎತ್ತಿಗೆ ನೊಗ ಹೂಡುವುದನ್ನು ಅಜ್ಜಂದಿರೆಲ್ಲ ನೋಡಿದ್ದಾರೆ. ನೊಗ ಜಾರದಂತೆ ತಡೆಯಲು ಎತ್ತಿಗೆ ಹಿಣಿಲು ಇದೆ. ಕುದುರೆಗೆ ಹಿಣಿಲಿಲ್ಲ. ಕುತ್ತಿಗೆಗೆ ಬರೀ ಪಟ್ಟಿ ಕಟ್ಟಿ ಎಳೆಸಿದರೆ ಅದು ಗಂಟಲನ್ನೇ ಒತ್ತುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕಾಗಿ ದಪ್ಪ ಮೆತ್ತೆ ತುಂಬಿದ ಮೊಟ್ಟೆಯಾಕಾರದ ಕೊರಳಪಟ್ಟಿ ಹಾಕುತ್ತಾರೆ. ಭಾರ ಗಂಟಲಿಗೆ ತಾಗದೆ ಎರಡೂ ಭುಜಗಳ ಮೇಲೆ ಹರಡುತ್ತದೆ. ಪಟ್ಟಿಯ ಎರಡು ಬದಿಯಿಂದ ಹಿಂದಕ್ಕೆ ಹೋಗುವ ಮಿಣಿಗಳು ಒಂದು ಅಡ್ಡಗೋಲಿಗೆ ಸೇರುತ್ತವೆ. ಅಡ್ಡಗೋಲಿನ ನಡುವಿನ ಕೊಕ್ಕೆಗೆ ಸರಪಳಿ. ಸರಪಳಿಯ ಕುಣಿಕೆ ದಿಮ್ಮಿಯ ತುದಿಗೆ. ಇಷ್ಟೇ ಸಲಕರಣೆ.

ಪಟ್ಟಿ ಹಾಕುವ ಮೊದಲು ಅವರು ಲೀಸಲ್‌ಳ ಭುಜವನ್ನೆಲ್ಲ ಅಂಗೈಯಿಂದ ಸವರಿ ನೋಡಿದರು. ಹಾಕಿದ ಮೇಲೆ ಪಟ್ಟಿಗೂ ಗಂಟಲಿಗೂ ನಡುವೆ ಕೈ ತೂರಿಸಿ ನೋಡಿದರು. “ಒಂದು ಸಣ್ಣ ಕಡ್ಡಿ ಸಿಕ್ಕಿಕೊಂಡರೂ ಸಂಜೆಗೆ ಹುಣ್ಣು” ಎಂದರು.

ಕೆಲಸ ಶುರುವಾಯಿತು. ಲಗಾಮು ಒಂದೇ ಹಗ್ಗ, ಅದೂ ಸಡಿಲವಾಗಿ ಜೋತಾಡುತ್ತಿತ್ತು. ಚಾವಟಿ ಇರಲಿಲ್ಲ. ಎಲ್ಲ ಮಾತಿನಲ್ಲೇ. ‘ಹ್ಯೂ’ ಅಂದರೆ ನಡೆ. ‘ಹಾಟ್’ ಅಂದರೆ ಬಲಕ್ಕೆ. ‘ವಿಷ್ಟ್’ ಅಂದರೆ ಎಡಕ್ಕೆ. ತುಟಿ ಅದುರಿಸಿ ‘ಬ್ರ್ರ್’ ಅಂದರೆ ನಿಲ್ಲು. ಕೂಗುವುದೂ ಇಲ್ಲ, ಪಕ್ಕದವರಿಗೆ ಹೇಳುವಷ್ಟು ಸಣ್ಣ ದನಿ. ಕುದುರೆಯ ಕಿವಿಗಳು ಮಾತ್ರ ಹಿಂದಕ್ಕೆ ತಿರುಗಿಕೊಂಡೇ ಇದ್ದವು.

ಲೀಸಲ್ ಎಳೆಯುವ ರೀತಿಯನ್ನು ನಾನು ಗಮನಿಸಿದೆ. ಮೊದಲು ಮಿಣಿ ಬಿಗಿಯಾಗುವಷ್ಟು ಮಾತ್ರ ಮುಂದೆ ಬರುತ್ತಾಳೆ. ಆಮೇಲೆ ತಲೆ ತಗ್ಗಿಸಿ, ಮೈಯ ಭಾರವನ್ನೆಲ್ಲ ಪಟ್ಟಿಗೆ ಒರಗಿಸುತ್ತಾಳೆ. ಹಿಂಗಾಲಿನ ತೊಡೆ ಗಟ್ಟಿಯಾಗುತ್ತದೆ. ದಿಮ್ಮಿ ಅಲುಗುತ್ತದೆ. ಅಲುಗಿದ ಮೇಲೆ ಬಿಡುವುದಿಲ್ಲ, ಒಂದೇ ಸಮನೆ ನಡೆಯುತ್ತಾಳೆ. ಕುದುರೆ ದಿನವಿಡೀ ಸುಸ್ತಾಗದೆ ಎಳೆಯಬಲ್ಲ ಬಲ ಅದರ ತೂಕದ ಹತ್ತನೇ ಒಂದು ಪಾಲಿನಷ್ಟು. ಕ್ಷಣಕಾಲಕ್ಕೆ ಅದರ ಹಲವು ಪಟ್ಟು ಎಳೆಯಬಲ್ಲದು. ಆ ಶಕ್ತಿಯನ್ನು ಅವಳು ದಿಮ್ಮಿ ಅಲುಗಿಸಲಷ್ಟೇ ಖರ್ಚು ಮಾಡುತ್ತಿದ್ದಳು.

ಒಂದು ಸಲ ದಿಮ್ಮಿಯ ಮೂತಿ ಹಳೆಯ ಬುಡದ ಹಿಂದೆ ಸಿಕ್ಕಿಕೊಂಡಿತು. ‘ಬ್ರ್ರ್’ ಅನ್ನುವ ಮೊದಲೇ ಲೀಸಲ್ ನಿಂತಿದ್ದಳು. ಭುಜಕ್ಕೆ ಬಂದ ಭಾರದಲ್ಲೇ ಅವಳಿಗೆ ಗೊತ್ತಾಗಿತ್ತು. ಕುದುರೆಯವರು ‘ಸಪ್ಪಿ’ ಎಂಬ ಉದ್ದ ಹಿಡಿಯ, ಹಕ್ಕಿಯ ಕೊಕ್ಕಿನಂಥ ಉಕ್ಕಿನ ಮೊನೆಯ ಸಲಕರಣೆಯಿಂದ ದಿಮ್ಮಿಯನ್ನು ಮೀಟಿ ಆಚೆಗೆ ಉರುಳಿಸಿದರು. ಅವರು ಸದಾ ಗುಡ್ಡದ ಮೇಲ್ಬದಿಯಲ್ಲೇ ನಿಲ್ಲುತ್ತಿದ್ದರು. ಕುದುರೆಗೂ ದಿಮ್ಮಿಗೂ ನಡುವೆ ಒಮ್ಮೆಯೂ ಕಾಲಿಡಲಿಲ್ಲ. ಇಳಿಜಾರಿನಲ್ಲಿ ದಿಮ್ಮಿ ಜಾರಿದರೆ ಕಾಲು ಮುರಿದಂತೆಯೇ. ಈ ಕೆಲಸ ನೋಡಲು ಚೆಂದ, ಆದರೆ ಆಟವಲ್ಲ.

“ಅವಳಿಗೆ ನೋವಾಗುವುದಿಲ್ಲವೇ? ಇಷ್ಟು ಭಾರ ಎಳೆಸುವುದು ತಪ್ಪಲ್ಲವೇ?” ಎಂದು ಮೊಮ್ಮಗಳು ನೇರವಾಗಿ ಕೇಳಿಬಿಟ್ಟಳು. ಮಗಳಿಗೆ ಮುಜುಗರವಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಒಂದು ಭಾರಿ ದಿಮ್ಮಿಯನ್ನು ತೋರಿಸಿ, “ಅದನ್ನು ಅವಳಿಗೆ ಕೊಡುವುದಿಲ್ಲ. ಅವಳು ಒಮ್ಮೆ ಎಳೆದು ಆಗದು ಅಂದುಕೊಂಡರೆ, ನಾಳೆ ಆಗುವುದನ್ನೂ ಎಳೆಯುವುದಿಲ್ಲ. ನನ್ನ ಮೇಲೆ ನಂಬಿಕೆ ಹೋಗುತ್ತದೆ” ಎಂದರು. ನಾಲ್ಕೈದು ದಿಮ್ಮಿಗೊಮ್ಮೆ ಅವಳನ್ನು ನಿಲ್ಲಿಸಿ ಉಸಿರು ಇಳಿಯುವವರೆಗೂ ಕಾಯುತ್ತಿದ್ದರು. ನಾನೂ ಎಣಿಸಿದೆ. ಬುತ್ತಿಯ ಹೊತ್ತಿಗೆ 31 ದಿಮ್ಮಿ ದಾರಿಗೆ ಬಂದಿದ್ದವು.

ನಲವತ್ತು ಮೀಟರಿನ ಲೆಕ್ಕ

ಯಂತ್ರಗಳೇ ಇಲ್ಲದ ಕಾಡಲ್ಲ ಇದು. ಜರ್ಮನಿಯಲ್ಲಿ ಬಹುಪಾಲು ಮರ ಸಾಗಿಸುವುದು ಯಂತ್ರವೇ. ಹಾಗಿದ್ದರೆ ಕುದುರೆ ಏಕೆ? ಇದಕ್ಕೆ ಉತ್ತರ ಮಕ್ಕಳ ಗಣಿತದಲ್ಲೇ ಇದೆ.

ಕ್ರೇನ್ ಇರುವ ಕಾಡಿನ ಯಂತ್ರ ಹೊರೆ ಸೇರಿ 20 ಟನ್ನು ಮೀರುತ್ತದೆ. ಅದು ಓಡಾಡಿದಲ್ಲಿ ಮಣ್ಣಿನೊಳಗಿನ ಸಣ್ಣ ಸಣ್ಣ ರಂಧ್ರಗಳು ಅಮುಕಿಹೋಗುತ್ತವೆ. ಬೇರಿಗೆ ಗಾಳಿ ಸಿಗದು, ಮಳೆ ನೀರು ಇಂಗದು. ಎರೆಹುಳು ಅಲ್ಲಿಂದ ಓಡಿಹೋಗುತ್ತದೆ. ಒಮ್ಮೆ ಹಾಗೆ ಅಮುಕಿದ ಮಣ್ಣು ಮತ್ತೆ ಉಸಿರಾಡಲು ಹತ್ತಾರು ವರ್ಷ ಬೇಕು. ಅದಕ್ಕಾಗಿ ಯಂತ್ರ ಕಂಡಲ್ಲಿ ನುಗ್ಗುವಂತಿಲ್ಲ. ಗುರುತು ಮಾಡಿದ ದಾರಿಗಳಲ್ಲಷ್ಟೇ ಓಡಬೇಕು.

ಆ ದಾರಿಗಳ ನಡುವೆ ಎಷ್ಟು ಅಂತರ ಇರಬೇಕು? ಕ್ರೇನಿನ ಕೈ ಸುಮಾರು 10 ಮೀಟರ್ ಚಾಚುತ್ತದೆ. ಆದ್ದರಿಂದ 20 ಮೀಟರಿಗೊಂದು ದಾರಿ ಮಾಡಿದರೆ ಎಲ್ಲ ಮರಗಳೂ ಕೈಗೆ ಸಿಗುತ್ತವೆ. ಆದರೆ ಕಾಡಿನ ನೆಲದ ದೊಡ್ಡ ಪಾಲು ದಾರಿಗೇ ಹೋಗುತ್ತದೆ. 40 ಮೀಟರಿಗೊಂದು ಮಾಡಿದರೆ ದಾರಿ ಅರ್ಧಕ್ಕೆ ಇಳಿಯುತ್ತದೆ, ಮಣ್ಣು ಉಳಿಯುತ್ತದೆ. ಆದರೆ ಎರಡೂ ಕಡೆಯ ಕ್ರೇನು 10 ಮೀಟರ್ ಚಾಚಿದರೂ ನಡುವೆ 20 ಮೀಟರ್ ಅಗಲದ ಪಟ್ಟಿ ಯಾರ ಕೈಗೂ ಸಿಗದೆ ಉಳಿಯುತ್ತದೆ.

ಆ ನಡುವಿನ ಪಟ್ಟಿ ಕುದುರೆಯ ಪಾಲು. ಅಲ್ಲಿಂದ ದಿಮ್ಮಿಯನ್ನು ಕ್ರೇನಿಗೆ ಎಟುಕುವಷ್ಟು ದೂರ ತಂದುಕೊಟ್ಟರೆ ಸಾಕು. ಮುಂದಿನದು ಯಂತ್ರದ ಕೆಲಸ. ನಾನು ಕುದುರೆ ಮತ್ತು ಯಂತ್ರ ಎದುರಾಳಿಗಳು ಎಂದುಕೊಂಡು ಹೋದವಳು. ಅಲ್ಲಿ ಅವೆರಡೂ ಒಂದೇ ಜೋಡಿಯ ಎಡಗೋಲು, ಬಲಗೋಲು.

ಕುದುರೆ ಹಗುರ ಎನ್ನುವುದಷ್ಟೇ ಇದರ ಗುಟ್ಟಲ್ಲ. 600 ಕಿಲೋ ಭಾರ ನಾಲ್ಕು ಗೊರಸಿನ ಮೇಲೆ ನಿಂತರೆ ಗೊರಸಿನಡಿಯ ಮಣ್ಣೂ ಅಮುಕುತ್ತದೆ. ಆದರೆ ಗೊರಸಿನ ಗುರುತು ಅಲ್ಲೊಂದು ಇಲ್ಲೊಂದು. ನಡುವಿನ ಮಣ್ಣು ಹಾಗೇ ಇರುತ್ತದೆ. ಚಕ್ರವಾದರೆ ಬಿಡುವೇ ಇಲ್ಲದ ಉದ್ದ ಗಾಯ. ಮಳೆ ಬಂದರೆ ಅದೇ ಕಾಲುವೆಯಾಗಿ ಮಣ್ಣು ಕೊಚ್ಚಿಹೋಗುತ್ತದೆ.

ಕುದುರೆಗೆ ಆಗದ ಕೆಲಸಗಳೂ ಬೇಕಾದಷ್ಟಿವೆ. ದೊಡ್ಡ ಮರ ಎಳೆಯಲಾರದು. ದೂರ ಎಳೆಯಲೂ ಆಗದು. 1999ರ ಡಿಸೆಂಬರ್ 26ರಂದು ‘ಲೋಥಾರ್’ ಎಂಬ ಬಿರುಗಾಳಿ ಬೀಸಿ ಈ ರಾಜ್ಯವೊಂದರಲ್ಲೇ ಸುಮಾರು 3 ಕೋಟಿ ಘನ ಮೀಟರ್ ಮರ ಕೆಲವೇ ಗಂಟೆಗಳಲ್ಲಿ ನೆಲಕ್ಕುರುಳಿತು. ಅಂಥ ರಾಶಿಯನ್ನು ತೆಗೆಯಲು ಯಂತ್ರವೇ ಬೇಕು.

ದುಬಾರೆಯ ಆನೆ, ಜರ್ಮನಿಯ ಕುದುರೆ

ಕೂತು ನೋಡುತ್ತಿದ್ದ ನನಗೆ ದುಬಾರೆ ಕಣ್ಣಿಗೆ ಕಟ್ಟಿತು. ಜೇನುಕುರುಬ ಮಾವುತರು ಆನೆಯ ಕಿವಿಯ ಹಿಂದೆ ಕಾಲ್ಬೆರಳು ಒತ್ತುತ್ತಿದ್ದುದು, ಆನೆ ಸರಪಳಿಗೆ ಕಟ್ಟಿದ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ದಿಮ್ಮಿ ಎಳೆಯುತ್ತಿದ್ದುದು, ಅದನ್ನು ಅಪ್ಪ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದುದು. ಎಳೆಯಲಾಗದ ದಿಮ್ಮಿಯನ್ನು ಆನೆಯೂ ಮುಟ್ಟಿ ನೋಡಿ ಬಿಟ್ಟುಬಿಡುತ್ತಿತ್ತು. ಮಾವುತ ಒತ್ತಾಯಿಸುತ್ತಿರಲಿಲ್ಲ. ಕ್ರಮೇಣ ಕಾಡಿನ ಮರ ಕಡಿಯುವುದೂ ಕಡಿಮೆಯಾಯಿತು, ಲಾರಿ ಕ್ರೇನುಗಳೂ ಬಂದವು. ಈಗ ಶಿಬಿರದ ಆನೆಗಳು ಮೈಸೂರು ದಸರೆಗೆ ಹೋಗುತ್ತವೆ, ಊರಿಗೆ ನುಗ್ಗುವ ಕಾಡಾನೆ ಹಿಡಿಯಲು ನೆರವಾಗುತ್ತವೆ.

ಈ ಎರಡು ಕಾಡುಗಳ ನಡುವೆ ಹಳೆಯ ನಂಟೊಂದಿದೆ. 1864ರಲ್ಲಿ ಭಾರತದ ಅರಣ್ಯಗಳ ಮೊದಲ ಮುಖ್ಯಾಧಿಕಾರಿಯಾದ ಡೀಟ್ರಿಖ್ ಬ್ರಾಂಡಿಸ್ ಜರ್ಮನಿಯ ಬಾನ್ ನಗರದಲ್ಲಿ ಹುಟ್ಟಿದವರು. ಅದಕ್ಕೂ ಮೊದಲು ಅವರು ಬರ್ಮಾದ ತೇಗದ ಕಾಡುಗಳಲ್ಲಿ ಕೆಲಸ ಮಾಡಿದ್ದರು. ಅಲ್ಲಿ ದಿಮ್ಮಿ ಎಳೆಯುತ್ತಿದ್ದುದು ಆನೆಗಳು. ಬ್ರಾಂಡಿಸ್ ನಂತರ ಆ ಹುದ್ದೆಗೆ ಬಂದ ಇಬ್ಬರೂ ಜರ್ಮನರೇ. ಕಾಡು ಎಷ್ಟು ಬೆಳೆಯುತ್ತದೋ ಅಷ್ಟನ್ನೇ ಕಡಿಯಬೇಕು ಎಂಬ ಮಾತನ್ನು ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬ ಜರ್ಮನ್ ಅಧಿಕಾರಿ 1713ರಲ್ಲೇ ಪುಸ್ತಕ ಬರೆದು ಹೇಳಿದ್ದರು. ಅವರ ದೇಶದಲ್ಲಿ ಆಗ ಗಣಿಗಳಿಗೆ ಮರ ಸುರಿದು ಕಾಡು ಬರಿದಾಗಿತ್ತು. ಇನ್ನು ಈ ಕಪ್ಪು ಕಾಡಿನ ದೊಡ್ಡ ದೊಡ್ಡ ಫರ್ ಮರಗಳು ತೆಪ್ಪವಾಗಿ ಕಟ್ಟಿಸಿಕೊಂಡು ರೈನ್ ನದಿಯಲ್ಲಿ ತೇಲಿ ಹಾಲೆಂಡಿಗೆ ಹೋಗಿ ಹಡಗುಗಳಾದವು. ಆ ಮರಗಳನ್ನು ಹೊಳೆಯವರೆಗೆ ಸಾಗಿಸುವುದರಲ್ಲಿ ಕುದುರೆ, ಎತ್ತುಗಳ ಬೆವರಿದೆ.

ಹಿಂದೆ ನಡೆಯುವವರು ಯಾರು?

ಬುತ್ತಿ ಬಿಚ್ಚಿದಾಗ ಮಾತು ಬಂತು. ಕುದುರೆಯವರ ಮಗ ಫ್ರೈಬುರ್ಗ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ತಪ್ಪೇನಿಲ್ಲ ಎಂದರು. ಈ ಕೆಲಸದಲ್ಲಿ ದಿನಕ್ಕೆ ಹಲವು ಕಿಲೋಮೀಟರ್ ಕೆಸರಿನಲ್ಲಿ, ಇಳಿಜಾರಿನಲ್ಲಿ ಕುದುರೆಯ ಹಿಂದೆ ನಡೆಯಬೇಕು. ಅವರ ಎರಡೂ ಮಂಡಿ ಸವೆದಿವೆ. ಭಾನುವಾರವೂ ಹಬ್ಬದ ದಿನವೂ ಕುದುರೆಗೆ ಹೊಟ್ಟೆಯಿದೆ. ದಿನಕ್ಕೆ 10 ಕಿಲೋಗೂ ಹೆಚ್ಚು ಒಣಹುಲ್ಲು, ಓಟ್ಸ್ ಕಾಳು, ಬಕೆಟ್ಟುಗಟ್ಟಲೆ ನೀರು, ಆಗಾಗ ಹೊಸ ಲಾಳ. ಯಂತ್ರಕ್ಕಾದರೆ ಕೆಲಸ ಇಲ್ಲದ ದಿನ ಡೀಸೆಲ್ ಬೇಡ. ಕಾಡಿನ ಒಡೆಯರು ಕುದುರೆ ಕರೆಸಿದರೆ ಈ ರಾಜ್ಯದಲ್ಲಿ ಸರ್ಕಾರ ಸಹಾಯಧನ ಕೊಡುತ್ತದೆ. ಆದರೂ ಲಾಭದ ಕಸುಬಲ್ಲ.

ಅಷ್ಟರಲ್ಲಿ ಬಂದವಳು ಇಪ್ಪತ್ತೈದರ ಒಬ್ಬ ಹುಡುಗಿ. ಎರಡು ವರ್ಷದಿಂದ ಅವರ ಬಳಿ ಕೆಲಸ ಕಲಿಯುತ್ತಿದ್ದಾಳೆ. ಮಧ್ಯಾಹ್ನದ ನಂತರ ಲಗಾಮು ಅವಳ ಕೈಗೆ ಬಂತು. ಮೊದಲ ದಿಮ್ಮಿಗೆ ಲೀಸಲ್ ಅಲುಗಲಿಲ್ಲ. ಹುಡುಗಿ ಗದರಿಸಲಿಲ್ಲ. ಮುಂದೆ ಹೋಗಿ ಹಣೆ ಸವರಿ, ಸರಪಳಿಯ ಕುಣಿಕೆ ನೋಡಿ, ಒಂದು ಗೇಣು ಮುಂದಕ್ಕೆ ಸರಿಸಿ ಕಟ್ಟಿದಳು. ‘ಹ್ಯೂ’ ಎಂದಳು. ದಿಮ್ಮಿ ಜಾರಿಕೊಂಡು ಬಂತು. ಕುದುರೆಯವರು ನೋಡಿಯೂ ನೋಡದವರಂತೆ ರೊಟ್ಟಿ ಕಡಿಯುತ್ತಿದ್ದರು. ಆದರೆ ಅವರ ಮುಖ ಅರಳಿದ್ದು ನನಗೆ ಕಂಡಿತು.

ಮರುದಿನ ಹನ್ನೊಂದು ಗಂಟೆಗೆ ಕೊನೆಯ ದಿಮ್ಮಿ ದಾರಿಗೆ ಬಂತು. ಮಧ್ಯಾಹ್ನ ಕ್ರೇನಿನ ಗಾಡಿ ಬಂದು ಎಲ್ಲವನ್ನೂ ಎತ್ತಿ ಲಾರಿ ನಿಲ್ಲುವ ಕಡೆಗೆ ಒಯ್ದಿತು. ಕುದುರೆಯವರು ಇನ್ನೊಂದು ತುಂಡು ತೊಗಟೆ ಎಬ್ಬಿಸಿ ನೋಡಿದರು. ಒಳಗಿದ್ದವು ಇನ್ನೂ ಬೆಳ್ಳಗಿನ ಮರಿಗಳೇ, ರೆಕ್ಕೆ ಬಂದಿರಲಿಲ್ಲ. ಈ ಸಲದ ಪಂದ್ಯ ಗೆದ್ದಾಗಿತ್ತು.

ಹೊರಡುವ ಮೊದಲು ಅವರು ನಮ್ಮನ್ನು ದಿಮ್ಮಿ ಎಳೆದ ಜಾಗಕ್ಕೆ ಕರೆದೊಯ್ದರು. ನೆಲದ ಮೇಲೆ ಪಾಚಿ ಸ್ವಲ್ಪ ಕೆದರಿತ್ತು, ಅಲ್ಲಲ್ಲಿ ಗೊರಸಿನ ಗುರುತು. ಅದರಿಂದ ಒಂದು ಮೊಳ ದೂರದಲ್ಲಿ ಬೆರಳುದ್ದದ ಫರ್ ಸಸಿಗಳು ಹಾಗೇ ನಿಂತಿದ್ದವು. ಯಾರೂ ನೆಟ್ಟದ್ದಲ್ಲ, ತಾವಾಗಿ ಮೊಳೆತವು. ಫರ್ ಬೇರು ಆಳಕ್ಕಿಳಿಯುತ್ತದೆ, ಬರವನ್ನು ಸ್ಪ್ರೂಸ್‌ಗಿಂತ ಚೆನ್ನಾಗಿ ತಾಳುತ್ತದೆ. ಇವು ಕಡಿಯುವ ಹದಕ್ಕೆ ಬರಲು ಇನ್ನೂ ನೂರು ವರ್ಷ ಬೇಕಂತೆ. “ಇವತ್ತು ನಾನು ಎಳೆಯುವುದು ನನ್ನ ಅಜ್ಜನ ಕಾಲದ ಮರ. ಇದು ಅವಳ ಮೊಮ್ಮಕ್ಕಳದ್ದು” ಎಂದು ಅವರು ಕೈ ತೋರಿಸಿದ್ದು ನನ್ನ ಮೊಮ್ಮಗಳ ಕಡೆಗೆ. ಅವಳು ಅದನ್ನು ಕನ್ನಡಕ್ಕೆ ಹೇಳಿ, ಸಸಿಯನ್ನು ತುಳಿಯದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ಹೋಗುವವರಿಗೆ

ಜರ್ಮನಿಯಲ್ಲಿ ಮಕ್ಕಳು, ಬಂಧುಗಳು ಇರುವ ಓದುಗರು ಈಗ ಬಹಳ. ಅಲ್ಲಿಗೆ ಹೋದಾಗ ಒಂದೆರಡು ದಿನ ಈ ಕಡೆ ಬನ್ನಿ. ಫ್ರೈಬುರ್ಗ್‌ನಿಂದ ರೈಲು ಮತ್ತು ಬಸ್ಸಿನಲ್ಲಿ ಸಾಂಕ್ಟ್ ಮೆರ್ಗೆನ್ ಸುಲಭದ ದಾರಿ. ರೈತರ ಮನೆಗಳಲ್ಲಿ ಉಳಿಯಲು ಕೋಣೆ ಸಿಗುತ್ತವೆ. ಸಸ್ಯಾಹಾರಿಗಳಿಗೆ ರೊಟ್ಟಿ, ಬೆಣ್ಣೆ, ಗಿಣ್ಣು, ಆಲೂಗೆಡ್ಡೆಗೆ ಕೊರತೆಯಿಲ್ಲ. ಒಂದು ಡಬ್ಬಿ ಉಪ್ಪಿನಕಾಯಿ ಜೊತೆಗಿದ್ದರೆ ನನ್ನಂಥ ಅಜ್ಜಿಯರಿಗೆ ನೆಮ್ಮದಿ. ಮೂರು ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಈ ಊರಿನಲ್ಲಿ ಕುದುರೆಗಳ ದೊಡ್ಡ ಹಬ್ಬ ನಡೆಯುತ್ತದೆ. ನಮ್ಮಲ್ಲಿ ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಮೆರೆಸುವಂತೆ ಅಲ್ಲಿ ಈ ನರಿ ಬಣ್ಣದ ಕುದುರೆಗಳನ್ನು ಸಿಂಗರಿಸಿ ಮೆರವಣಿಗೆ ಮಾಡುತ್ತಾರೆ.

ಕಾಡಿನಲ್ಲಿ ಕೆಲಸ ಮಾಡುವ ಕುದುರೆ ಕಂಡರೆ ಮಾತ್ರ ದೂರದಲ್ಲೇ ನಿಲ್ಲಿ. ಕರೆಯಬೇಡಿ, ತಿನ್ನಲು ಕೊಡಬೇಡಿ. ಅದರ ಕಿವಿ ಆಗ ಇನ್ನೊಬ್ಬರ ಮಾತಿಗೆ ಕಾಯುತ್ತಿರುತ್ತದೆ.